ಹಳೇ ಮಾರುತಿಗೆ ಮನೆಯಲ್ಲೇ ಆರೈಕೆ

ಸೋದರಿಯರೇ, 1983ರಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಮನೆಯಲ್ಲಿ ಆ ಹಳೇ ಕಾರು ಇದ್ದರೆ ಅದರ ಆರೈಕೆ ಗಂಡಸರಿಗೇ ಮೀಸಲು ಅನ್ನಬೇಡಿ.

ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ನೋಡಿ. ಬೋರಿನ ಗಡಸು ನೀರು ಬೇಡ; ಬಚ್ಚಲ ಹಂಡೆಯೊಳಗೆ ಕಟ್ಟುವಂಥ ಬಿಳಿ ಪದರ ಅಲ್ಲೂ ಕಟ್ಟುತ್ತದೆ. ಕೂಲಂಟನ್ನೇ ಹಾಕಿ.

ಬಿರುಬಿಸಿಲಲ್ಲಿ ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೊರಟಾಗ ಸೂಜಿ ಕೆಂಪಿಗೇರಿತೇ? ತಕ್ಷಣ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಆಗಲೇ ರೇಡಿಯೇಟರ್ ಮುಚ್ಚಳ ತೆಗೆದೀರಿ, ಜೋಕೆ! ಸಿಳ್ಳೆ ಹೊಡೆಯುವ ಕುಕ್ಕರ್ ತೆಗೆದ ಹಾಗೇ, ಕುದಿನೀರು ಮುಖಕ್ಕೆ ಚಿಮ್ಮೀತು. ಪೂರಾ ಆರುವ ತನಕ ತಡೆಯಿರಿ.

ಬ್ಯಾಟರಿ ತುದಿಗೆ ಬಿಳಿ ಪುಡಿ ಹತ್ತಿದ್ದರೆ, ಮೊದಲು ಮೈನಸ್ ವೈರು ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಹಳೇ ಬ್ರಷ್ ಅದ್ದಿ ತಿಕ್ಕಿ, ಒರೆಸಿ.

ಬ್ರೇಕಿನ ಕೆಲಸ ಮಾತ್ರ ಮೆಕ್ಯಾನಿಕ್‌ಗೇ ಬಿಡಿ. ನಾಲ್ಕು ಕಾಸಿನ ಉಳಿತಾಯಕ್ಕಿಂತ ಜೀವ ದೊಡ್ಡದು.