ತಳ್ಳುಗಾಡಿಯ ಊಟ: ನೋಡಿ ಉಣ್ಣುವ ಬಗೆ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು ಕೂಡಿ ಬಿಟಿಎಂ ಲೇಔಟ್ ಆಯಿತು. ಕಚೇರಿಯವರೂ ಕೋಣೆ ಹಿಡಿದು ಓದುವ ಹುಡುಗರೂ ತುಂಬಿರುವ ಈ ಬಡಾವಣೆಯಲ್ಲಿ ಮಧ್ಯಾಹ್ನ ಒಂದು ಗಂಟೆಯಾಯಿತೆಂದರೆ ತಳ್ಳುಗಾಡಿಗಳ ಸುತ್ತ ಜನ ಸೇರುತ್ತಾರೆ. ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ. ಹಣವೂ ಹೆಚ್ಚು ಬೇಡ. ನಿಮ್ಮ ಮನೆಯ ಮಗನೋ ಸೊಸೆಯೋ ಅಲ್ಲಿ ನಿಂತು ಉಣ್ಣುತ್ತಿರಬಹುದು. ಇದು ಮೈಗೆ ಹಿತವೇ? ಬೀದಿಯದೆಲ್ಲ ವಿಷವೆನ್ನುವವರುಂಟು, ಏನೂ ಆಗದೆನ್ನುವವರೂ ಉಂಟು. ಎರಡೂ ಆತುರದ ಮಾತು. ನಾಲ್ಕು ಸಂಗತಿಗಳನ್ನು ನೋಡಿ ನೀವೇ ನಿರ್ಣಯಿಸಬಹುದು.

ಮೊದಲನೆಯದು ಬಿಸಿ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ತಣಿಯಬಿಡಬಾರದು, ಬಡಿಸುವವರೆಗೆ ೬೦ ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನ್ನದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣುವಿನ ಬೀಜಕಣಗಳು ಬೆಂದರೂ ಉಳಿಯುತ್ತವೆ. ಅನ್ನ ಉಗುರುಬೆಚ್ಚಗಿದ್ದಾಗ ಮೊಳೆತು ವಾಂತಿ ತರುವ ವಿಷ ಬಿಡುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷ ಹೋಗದು. ಬೆಳಗ್ಗೆ ಎಂಟಕ್ಕೆ ಕಲಸಿದ ಚಿತ್ರಾನ್ನವನ್ನು ಮಧ್ಯಾಹ್ನ ಎರಡಕ್ಕೆ ಉಣ್ಣುವುದಕ್ಕಿಂತ ಆಗತಾನೇ ಹಬೆಯಿಂದಿಳಿದ ಇಡ್ಲಿ, ಕಾವಲಿಯಿಂದೆದ್ದ ದೋಸೆ ಲೇಸು. ಇಡ್ಲಿ ತಟ್ಟೆಗೆ ಹಾಸಿದ್ದು ಬಟ್ಟೆಯೋ ಪ್ಲಾಸ್ಟಿಕ್ಕೋ ನೋಡಿಕೊಳ್ಳಿ. ಪ್ಲಾಸ್ಟಿಕ್ ಹಾಸಬಾರದೆಂದು ೨೦೨೫ರಲ್ಲಿ ರಾಜ್ಯ ಸರ್ಕಾರ ಹೇಳಿದೆ.

ಎರಡನೆಯದು ನೀರು. ಸಾರು ಕುದಿದಿರುತ್ತದೆ, ತಟ್ಟೆ ತೊಳೆದ ನೀರು ಕುದಿದಿರುವುದಿಲ್ಲ. ಒಂದೇ ಬಕೆಟ್ಟಿನಲ್ಲಿ ಎಲ್ಲ ತಟ್ಟೆಗಳನ್ನೂ ಅದ್ದಿ ತೆಗೆಯುವ ಕಡೆ ಬಾಳೆಲೆಯಲ್ಲಿ ಕೊಡಲು ಕೇಳಿ, ಇಲ್ಲವೇ ನಿಮ್ಮ ಡಬ್ಬಿಯನ್ನೇ ಒಯ್ಯಿರಿ. ನೀರು ಬೆರೆಸಿದ ಚಟ್ನಿ, ಮಜ್ಜಿಗೆ, ಹೆಚ್ಚಿಟ್ಟ ಹಣ್ಣು ಇವುಗಳಲ್ಲಿ ಅಪಾಯ ಹೆಚ್ಚು. ನೀವೇ ಸುಲಿದು ತಿನ್ನುವ ಬಾಳೆಹಣ್ಣಿಗೆ ಆ ಭಯವಿಲ್ಲ.

ಮೂರನೆಯದು ಬಣ್ಣ ಮತ್ತು ಎಣ್ಣೆ. ರಾಜ್ಯದಲ್ಲಿ ೨೦೨೪ರಲ್ಲಿ ಪರೀಕ್ಷಿಸಿದ ಗೋಬಿ ಮಂಚೂರಿಯ ೧೭೧ ಮಾದರಿಗಳ ಪೈಕಿ ೧೦೭ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂತು. ಆ ವರ್ಷದ ಮಾರ್ಚಿಯಲ್ಲಿ ಸರ್ಕಾರ ಅದರ ಬಳಕೆಯನ್ನು ನಿಷೇಧಿಸಿತು. ಹೂಕೋಸಿಗೆ ಆ ಕಡುಗೆಂಪು ತಾನಾಗಿ ಬರುವುದಿಲ್ಲ. ಮತ್ತೆ ಮತ್ತೆ ಕಾಯಿಸಿ ಕಪ್ಪಾದ, ಘಾಟು ಹೊಡೆಯುವ ಎಣ್ಣೆಯಲ್ಲಿ ಕರಿದದ್ದನ್ನೂ ಬಿಡಿ.

ನಾಲ್ಕನೆಯದು ಪುಷ್ಟಿ. ಕಾಯಿಲೆ ತಾರದ ಊಟವೆಲ್ಲ ಪುಷ್ಟಿಯ ಊಟವಲ್ಲ. ಬರೀ ಅನ್ನ, ಮೈದಾ, ಎಣ್ಣೆ ಹೊಟ್ಟೆ ತುಂಬಿಸುತ್ತವೆ. ಕಾಳು, ಸೊಪ್ಪು, ತರಕಾರಿ ಕೊಡುವುದನ್ನು ಅವು ಕೊಡಲಾರವು. ಬಿಸಿ ರಾಗಿಮುದ್ದೆ, ಸೊಪ್ಪಿನ ಸಾರು ಅಥವಾ ಕಾಳಿನ ಸಾರು ಸಿಕ್ಕರೆ ಅದಕ್ಕಿಂತ ಒಳ್ಳೆಯ ಊಟ ಬೇರೆ ಹುಡುಕಬೇಕಿಲ್ಲ. ಉಸಲಿಯೂ ಬೇಯಿಸಿದ ಮೊಟ್ಟೆಯೂ ಒಳ್ಳೆಯವೇ. ಉಪ್ಪಿನಕಾಯಿ, ಹಪ್ಪಳ ಮಿತವಾಗಿರಲಿ. ಇಡೀ ದಿನಕ್ಕೆ ಐದು ಗ್ರಾಂ ಉಪ್ಪು ಸಾಕು.

ಇನ್ನೊಂದು ಮಾತು. ೨೦೧೪ರ ಕಾಯಿದೆ ಬೀದಿ ವ್ಯಾಪಾರಿಗಳ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಆದರೆ ನಲ್ಲಿಯಿಲ್ಲದ ಮೂಲೆಯಲ್ಲಿ ನಿಂತವರಿಂದ ಶುದ್ಧಿಯನ್ನು ಎಷ್ಟೆಂದು ನಿರೀಕ್ಷಿಸುವುದು? ವ್ಯಾಪಾರದ ಜಾಗಕ್ಕೆ ಒಳ್ಳೆಯ ನೀರು ಬರಲಿ ಎಂದು ಕೇಳಬೇಕಾದವರು ಉಣ್ಣುವವರೂ ಹೌದು. ಅಲ್ಲಿಯವರೆಗೆ ಶುಚಿಯಾಗಿ ಬೇಯಿಸುವ ಗಾಡಿಯೊಂದನ್ನು ಗುರುತಿಸಿ, ಅಲ್ಲಿಗೇ ಹೋಗುವ ರೂಢಿ ಇಟ್ಟುಕೊಳ್ಳಿ. ಅವರ ವ್ಯಾಪಾರವೂ ನಡೆಯುತ್ತದೆ, ನಿಮ್ಮ ಆರೋಗ್ಯವೂ ಉಳಿಯುತ್ತದೆ.