ಸಿಇಟಿ ಪುಸ್ತಕಕ್ಕಿಂತ ಮೊದಲು ಮನೆಯ ಪಹಣಿ ತೆಗೀರಿ

ಹೋದ ವರ್ಷ ತೊಗರಿ ರಾಶಿ ನಡೆದಾಗ ಪಕ್ಕದ ಹೊಲದ ಕಾಕಾ ಬಂದು ನಮ್ಮ ಬದುವಿನ ಮೇಲೆ ಕೂತರು. ರಾಶಿ ಮಷೀನಿನ ಬಾಡಿಗೆ ವಿಚಾರ ಇರಬೇಕು ಅಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಮಗಳು ಫಸ್ಟ್ ಪಿಯುಸಿ ಅದಾಳ. ನಿನ್ನಂಗ ತೋಟಗಾರಿಕೆ ಓದ್ತೀನಿ ಅಂತಾಳ. ಅವರಣ್ಣಂದು ಆದಂಗ ಆಗಬಾರ್ದು ನೋಡಪ್ಪ."

ಅವರಣ್ಣನ ವಿಷಯ ನನಗೆ ಚೆನ್ನಾಗಿ ಗೊತ್ತು. ಆ ಹುಡುಗನ ಅರ್ಜಿ ತುಂಬಿಸಿದ್ದು ನಾನೇ.

ಹುಡುಗ ಜಾಣ. ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡಿದ್ದ, ಅಂಕ ಚೆನ್ನಾಗಿದ್ದವು, ಹೊಲದ ಕೆಲಸವೂ ಬರುತ್ತಿತ್ತು. ಬಿಎಸ್ಸಿ ಕೃಷಿ, ತೋಟಗಾರಿಕೆಯಂಥ ಕೋರ್ಸುಗಳಿಗೆ ಕೃಷಿಕರ ಮಕ್ಕಳಿಗೆ ಅಂತ ಪ್ರತ್ಯೇಕ ಕೋಟಾ ಇದೆ. ಮೊದಲು ಶೇ 40 ಸೀಟು ಇದ್ದದ್ದು ಆಮೇಲೆ ಶೇ 50ಕ್ಕೆ ಏರಿತು. ಅಂದರೆ ಅರ್ಧ ಸೀಟು ನಮ್ಮಂಥ ಮನೆಗಳಿಗೇ. ಐದೂವರೆ ಎಕರೆ ಹೊಲ ಇರೋ ಮನೆಯ ಹುಡುಗನಿಗೆ ಇದು ಸಿಗದೆ ಇನ್ಯಾರಿಗೆ ಸಿಗುತ್ತೆ ಅಂತ ನಾನೂ ಧೈರ್ಯ ಹೇಳಿದ್ದೆ. ಎಲ್ಲಾ ಕಾಲಂ ತುಂಬಿಸಿದೆ, ಯಾವ ಕಾಲೇಜು ಮೊದಲು ಹಾಕಬೇಕು ಅಂತ ಚರ್ಚೆಯನ್ನೂ ಮಾಡಿದೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ: ಹೊಲ ಯಾರ ಹೆಸರಲ್ಲಿದೆ?

ಹೊಲ ಅವರಜ್ಜನ ಹೆಸರಲ್ಲಿತ್ತು. ಅಜ್ಜ ತೀರಿಕೊಂಡು ಒಂಬತ್ತು ವರ್ಷ. ಕಾಕಾ ಮತ್ತು ಅವರ ತಮ್ಮ ಬಾಯಿಮಾತಲ್ಲೇ ಹಂಚಿಕೊಂಡು ಉಳುಮೆ ಮಾಡುತ್ತಿದ್ದರು. ಪೌತಿ ಖಾತೆ ಆಗಿರಲಿಲ್ಲ. ವಂಶವೃಕ್ಷ ಮಾಡಿಸಲು ಹೋದರೆ ಪಹಣಿಯಲ್ಲಿ ಅಜ್ಜನ ಹೆಸರು ಶರಣಪ್ಪ, ಆಧಾರ್‌ನಲ್ಲಿ ಶರಣಬಸಪ್ಪ. ಎರಡೂ ಒಬ್ಬರೇ ಅಂತ ತೋರಿಸೋಕೆ ಇನ್ನೊಂದು ಕಾಗದ, ಆ ಕಾಗದಕ್ಕೆ ಮತ್ತೊಂದು. ಕೊನೆ ದಿನಾಂಕ ನಮಗಾಗಿ ಕಾಯಲಿಲ್ಲ. ಇದರಲ್ಲಿ ಯಾವ ಕಚೇರಿಯನ್ನೂ ನಾನು ಬೈಯಲ್ಲ, ಕಾಗದ ಸರಿ ಇಲ್ಲದ್ದು ನಮ್ಮ ಕಡೆ. ಕೋಟಾ ಬಿಟ್ಟು ಬರೀ ರ‍್ಯಾಂಕ್ ಮೇಲೆ ಅವನಿಗೆ ಸೀಟು ಬರಲಿಲ್ಲ. ಈಗ ಸೇಡಂ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಮೇಲೆ ದುಡೀತಾನೆ. ನಾಲ್ಕು ವರ್ಷದ ಓದು ತಪ್ಪಿದ್ದು ಪರೀಕ್ಷೆಯಿಂದಲ್ಲ, ಒಂದು ಪಹಣಿಯಿಂದ.

ಈ ವಾರ ಬೆಳೆ ವಿಷಯ ಬಿಟ್ಟು ಇದನ್ನು ಬರೆಯಲು ಕಾರಣ ಇದೆ. ಇದನ್ನು ಓದೋ ನೀವು ಬಹುತೇಕ ಇಪ್ಪತ್ತು–ಮೂವತ್ತರ ವಯಸ್ಸಿನವರು. ಮನೆಯಲ್ಲಿ ತಮ್ಮನೋ, ತಂಗಿಯೋ, ಅಕ್ಕನ ಮಗಳೋ ಹೈಸ್ಕೂಲು, ಪಿಯುಸಿ ಓದುತ್ತಿರುತ್ತಾರೆ. ಸ್ಮಾರ್ಟ್‌ಫೋನ್ ಇರೋದು ನಿಮ್ಮ ಕೈಯಲ್ಲಿ. ಅರ್ಜಿ ತುಂಬೋ ಹೊತ್ತಿಗೆ "ಅಣ್ಣಾ, ಸ್ವಲ್ಪ ನೋಡು" ಅಂತ ಬರೋದು ನಿಮ್ಮ ಹತ್ತಿರವೇ. ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ–ಫೆಬ್ರವರಿಯಲ್ಲಿ ಕರೀತಾರೆ, ಪರೀಕ್ಷೆ ಏಪ್ರಿಲ್‌ನಲ್ಲಿ. ನಮ್ಮ ಕಡೆ ಜನವರಿ ಅಂದರೆ ಮನೆಮಂದಿಯೆಲ್ಲ ರಾಶಿ, ಕಣ, ತೊಗರಿ ರೇಟು ಅಂತ ಓಡಾಡೋ ಕಾಲ. ಕಾಗದದ ಕೆಲಸ ಆ ತಿಂಗಳಿಗೆ ಇಟ್ಟುಕೊಂಡರೆ ಮುಗೀತು. ಅದು ಮಳೆಗಾಲದಲ್ಲೇ, ಬಿತ್ತನೆ ಮುಗಿದು ಕೈ ಸ್ವಲ್ಪ ಬಿಡುವಾದಾಗ ಆಗಬೇಕು. ಅದೂ ಸೆಕೆಂಡ್ ಪಿಯುಸಿಯ ಮಳೆಗಾಲ ಅಲ್ಲ, ಹತ್ತನೇ ಕ್ಲಾಸಿನದ್ದು.

ಕಾಕಾನ ಜೊತೆ ನಾನು ಮೊದಲು ಹೋದದ್ದು ಸುಲೇಪೇಟ ನಾಡಕಚೇರಿಗೆ. ಪೌತಿ ಖಾತೆಗೆ ಅರ್ಜಿ ಹಾಕಿದೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲಾ ವಾರಸುದಾರರ ಆಧಾರ್. ಅತ್ತೆಯಂದಿರನ್ನು ಬಿಡಬೇಡಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ವಾರಸುದಾರರೇ. ಕಾಕಾನ ಒಬ್ಬ ತಂಗಿ ಚಿತ್ತಾಪುರದಲ್ಲಿ, ಇನ್ನೊಬ್ಬಳು ವಾಡಿಯಲ್ಲಿ. ಇಬ್ಬರ ಮನೆಗೂ ಕಾಕಾ ಸ್ವತಃ ಹೋಗಿ ಕೂತು ಮಾತಾಡಿ ಬಂದರು. ಫೋನಲ್ಲಿ ಮುಗಿಸೋ ಮಾತಲ್ಲ ಇದು. ನೋಟಿಸ್ ಹಚ್ಚಿ ತಕರಾರಿಗೆ ಕಾಯೋ ದಿನಗಳೂ ಇರುತ್ತವೆ. ಖಾತೆ ಬದಲಾಗಿ ಕಾಕಾನ ಹೆಸರಲ್ಲಿ ಪಹಣಿ ಬಂದ ಮೇಲೆ ಫ್ರೂಟ್ಸ್ ಐಡಿ ಮಾಡಿಸಿದ್ವಿ. ಅದು ಬೆಳೆ ಪರಿಹಾರಕ್ಕೆ, ಸಬ್ಸಿಡಿಗೆ ಬೇಕು ಅಂತ ನಿಮಗೆ ಗೊತ್ತೇ ಇದೆ. ರೈತ ವಿದ್ಯಾನಿಧಿ ಯೋಜನೆಯೂ 2021ರಲ್ಲಿ ಇದೇ ಐಡಿ ಮೇಲೆ ಶುರುವಾಗಿತ್ತು. ಆಮೇಲೆ ವ್ಯವಸಾಯಗಾರರ ಕುಟುಂಬದ ಸದಸ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ವಿ. ಕೃಷಿಕರ ಕೋಟಾಕ್ಕೆ ಬೇಕಾದ ಮುಖ್ಯ ಕಾಗದ ಇದು.

ಇನ್ನೊಂದು ಕಾಗದವನ್ನು ನಮ್ಮ ಕಲ್ಯಾಣ ಕರ್ನಾಟಕದವರು ಮರೆತರೆ ಕೈಯಾರೆ ಕಳಕೊಂಡಂತೆ. ಅದು 371ಜೆ ಅರ್ಹತಾ ಪತ್ರ. ನಾನು 2008ರಲ್ಲಿ ಸಿಇಟಿ ಬರೆದಾಗ ಇದು ಇರಲಿಲ್ಲ. 98ನೇ ತಿದ್ದುಪಡಿ ಆದದ್ದು ಆಮೇಲೆ. 2013ರ ಆದೇಶದ ಪ್ರಕಾರ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ನಮ್ಮ ಭಾಗದಲ್ಲಿ ಏನಿದೆ ಅನ್ನಬೇಡಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳು ರಾಯಚೂರು, ಕಲಬುರಗಿ, ಭೀಮರಾಯನಗುಡಿಯಲ್ಲಿವೆ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ಬೀದರಿನಲ್ಲಿದೆ, ಮುನಿರಾಬಾದಿನಲ್ಲಿದೆ. ಬೀದರಿನಲ್ಲಿ ಪಶುವೈದ್ಯ ಕಾಲೇಜೂ ಇದೆ. ಚಿಂಚೋಳಿ ತಾಲ್ಲೂಕಿನವರಿಗೆ ಈ ಪತ್ರ ಕೊಡೋದು ಸೇಡಂ ಸಹಾಯಕ ಆಯುಕ್ತರು. ಶಾಲಾ ದಾಖಲೆ ಜೊತೆಗಿಟ್ಟುಕೊಳ್ಳಿ.

ಗ್ರಾಮೀಣ ಕೋಟಾಕ್ಕೂ ಕನ್ನಡ ಮಾಧ್ಯಮ ಕೋಟಾಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ಓದು ಲೆಕ್ಕ. ಈಗ ಇದನ್ನೆಲ್ಲ ಶಾಲೆಯ ಎಸ್‌ಎಟಿಎಸ್ ದಾಖಲೆಯಿಂದ, ಜಾತಿ–ಆದಾಯವನ್ನು ಆರ್‌ಡಿ ನಂಬರಿನಿಂದ ನೋಡ್ತಾರೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರೋ ಹೆಸರೇ ಎಲ್ಲಾ ಕಡೆ ಇರಬೇಕು. ತಂದೆ ಹೆಸರೂ ಅಷ್ಟೇ, ಇನಿಷಿಯಲ್ಲೂ ಅಷ್ಟೇ. ಹತ್ತನೇ ಕ್ಲಾಸಿನ ನೋಂದಣಿ ಮಾಡುವಾಗಲೇ ಆಧಾರ್ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಇನ್ನು ಅರ್ಜಿಗೆ ಸೈಬರ್ ಸೆಂಟರಿನವರ ಮೊಬೈಲ್ ನಂಬರ್ ಹಾಕಿಸಬೇಡಿ. ಒಟಿಪಿ ಅವರಿಗೆ ಹೋಗುತ್ತೆ, ಸೀಟು ಹಂಚಿಕೆ ದಿನ ಅವರ ಅಂಗಡಿ ಬಾಗಿಲು ಹಾಕಿರುತ್ತೆ.

ಕಾಗದದ ಮಾತು ಸಾಕು. ನನಗೆ ಇಷ್ಟವಾದ ಭಾಗಕ್ಕೆ ಬರ್ತೀನಿ.

ಕೃಷಿಕರ ಕೋಟಾದಲ್ಲಿ ಸಿಇಟಿ ಜೊತೆಗೆ ಪ್ರಾಯೋಗಿಕ ಪರೀಕ್ಷೆ ಇರುತ್ತೆ, ಅದರ ಅಂಕಕ್ಕೆ ತೂಕ ಸಣ್ಣದಲ್ಲ. ಮೇಜಿನ ಮೇಲೆ ಬೀಜ, ಗಿಡ, ಗೊಬ್ಬರ, ಉಪಕರಣ ಇಂಥವನ್ನು ಇಟ್ಟಿರುತ್ತಾರೆ, ಗುರುತಿಸಬೇಕು. ಹೊಲದ ಹುಡುಗರಿಗೆ ಇದೇನು ದೊಡ್ಡದು ಅನಿಸುತ್ತೆ. ನನಗೂ ಅನಿಸಿತ್ತು. ತೊಗರಿ, ಕಡಲಿ, ಕುಸುಬಿ, ಅಗಸಿ ಎಲ್ಲಾ ಪಟಪಟ ಹೇಳಿದೆ. ಮುಂದೊಂದು ತಟ್ಟೆಯಲ್ಲಿ ಬೂದು–ಹಸಿರು ಬಣ್ಣದ, ಒಂದು ಕಡೆ ಗೀರು ಇರೋ ಬೀಜ. ಯಾವುದೋ ಶೇಂಗಾ ಜಾತಿ ಅಂದುಬಿಟ್ಟೆ. ಅದು ಹುರಿಯದ ಕಾಫಿ ಬೀಜ. ಕಾಫಿ ಪುಡಿ ಬಿಟ್ಟು ಕಾಫಿಯನ್ನೇ ನೋಡಿರಲಿಲ್ಲ ನಾನು.

ನಮ್ಮ ಮಕ್ಕಳ ತೊಂದರೆ ಎರಡು. ಒಂದು, ಕಪ್ಪು ಮಣ್ಣಿನ ಬೆಳೆ ಗೊತ್ತು. ಏಲಕ್ಕಿ, ಅಡಿಕೆ, ಮೆಣಸಿನ ಬಳ್ಳಿ ಗೊತ್ತಿಲ್ಲ. ಇನ್ನೊಂದು, ವಸ್ತು ಗೊತ್ತು, ಪುಸ್ತಕದ ಹೆಸರು ಗೊತ್ತಿಲ್ಲ. ನಾವು ಗುರೆಳ್ಳು ಅನ್ನೋದು ಅಲ್ಲಿ ಹುಚ್ಚೆಳ್ಳು. ರೆಂಟಿ ಅಂದರೆ ನೇಗಿಲು, ಎಡಿ ಅಂದರೆ ಎಡೆಕುಂಟೆ. ತೊಗರಿ ಹೂವಾಗದೆ ನಿಂತರೆ ನಾವು ಗೊಡ್ಡು ಬಿದ್ದದ ಅಂತೀವಿ. ಅದಕ್ಕೆ ಗೊಡ್ಡು ರೋಗ ಅಂತಲೇ ಹೆಸರಿದೆ, ಅದನ್ನು ಹರಡೋದು ಒಂದು ನುಸಿ ಅಂತ ಮಾತ್ರ ಮನೆಯಲ್ಲಿ ಯಾರೂ ಹೇಳಿರಲ್ಲ.

ಅದಕ್ಕೇ ನನ್ನ ಪಂಪ್‌ಸೆಟ್ ಕೋಣೆಯಲ್ಲಿ ಉಪ್ಪಿನಕಾಯಿ ಬಾಟ್ಲಿಗಳ ಸಾಲು ಇಟ್ಟಿದ್ದೇನೆ. ಅರವತ್ತರ ಹತ್ತಿರ ಆಗಿವೆ. ನಂಬರ್ ಮಾತ್ರ, ಹೆಸರಿಲ್ಲ. ತೊಗರಿಯಲ್ಲೇ ಟಿಎಸ್-3ಆರ್, ಜಿಆರ್‌ಜಿ-811, ಮಾರುತಿ ಬೇರೆ ಬೇರೆ. ಶಿರಸಿ ಕಡೆಯ ಗೆಳೆಯರು ಅಡಿಕೆ, ಮೆಣಸು, ಏಲಕ್ಕಿ ಕಳಿಸಿದ್ದಾರೆ. ಒಂದು ಸಾಲಲ್ಲಿ ಯೂರಿಯಾ, ಡಿಎಪಿ, ಪೊಟ್ಯಾಷ್ ಕೂಡ ಇವೆ. "ಸಾವಯವ ಅಂತ ಊರಿಗೆಲ್ಲ ಹೇಳ್ತಿ, ನಿನ್ನ ಕೋಣ್ಯಾಗ ಡಿಎಪಿ!" ಅಂತ ಗೆಳೆಯರು ನಗ್ತಾರೆ. ಪರೀಕ್ಷೆಯಲ್ಲಿ ಅದನ್ನೂ ಇಡ್ತಾರಲ್ಲ, ಗುರುತಾದರೂ ಇರಲಿ. ದೇವಣಿ, ಕಿಲಾರಿ, ಹಳ್ಳಿಕಾರ್, ಅಮೃತಮಹಲ್ ದನಗಳ ಫೋಟೋ ಫೋನಲ್ಲಿದೆ. ನಿಮ್ಮೂರಲ್ಲೂ ಇದನ್ನು ಮಾಡೋಕೆ ಖರ್ಚಿಲ್ಲ. ಬೀಜದಂಗಡಿಯವರು ಚಿಟಿಕೆ ಚಿಟಿಕೆ ಕೊಡ್ತಾರೆ.

ಆಪ್ಷನ್ ಎಂಟ್ರಿ ಬಗ್ಗೆ ಎರಡೇ ಮಾತು. ನಾಲ್ಕೈದು ಕಾಲೇಜು ಹಾಕಿ ನಿಲ್ಲಿಸಬೇಡಿ, ಹೋಗಲು ಒಪ್ಪೋದನ್ನೆಲ್ಲ ಹಾಕಿ. ಆದರೆ ಕ್ರಮ ನಿಮ್ಮ ಇಷ್ಟದ್ದೇ ಇರಲಿ, ಸಿಗುತ್ತೋ ಇಲ್ಲವೋ ಅಂತ ಹೆದರಿ ಇಷ್ಟದ್ದನ್ನು ಕೆಳಗೆ ತಳ್ಳಬೇಡಿ. ಅಣಕು ಹಂಚಿಕೆ ನೋಡಿದ ಮೇಲೆ ತಿದ್ದಲು ಅವಕಾಶ ಇರುತ್ತೆ. ಮಗಳನ್ನು ದೂರ ಕಳಿಸಲ್ಲ ಅನ್ನೋ ಮನೆಗಳಲ್ಲಿ ಆ ಜಗಳವನ್ನು ಈ ಪಟ್ಟಿ ಮಾಡುವಾಗಲೇ ಆಡಿ ಮುಗಿಸಿ. ಸೀಟು ಬಂದ ಮೇಲೆ ಬೇಡ ಅಂದರೆ ಇನ್ನೊಬ್ಬರ ಮನೆಯ ಸೀಟನ್ನೂ ಹಿಡಿದಿಟ್ಟಂತೆ. ಪಿಯುಸಿ ವಿಜ್ಞಾನ ಆಗಲ್ಲ ಅನ್ನೋರಿಗೆ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.

ಕಾಕಾನ ಮಗಳು ಈಗ ಸೆಕೆಂಡ್ ಪಿಯುಸಿ. ಪಹಣಿ ಆಗಿದೆ, ಎಲ್ಲಾ ಪತ್ರ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ, ಫೋಟೋ ನನ್ನ ಫೋನಲ್ಲೂ ಅವಳ ಫೋನಲ್ಲೂ. ಬರೋ ತಿಂಗಳು ಅರ್ಜಿ ಕರೆಯಬಹುದು. ಪ್ರತಿ ಭಾನುವಾರ ಸಂಜೆ ಬಾಟ್ಲಿ ನೋಡೋಕೆ ಬರ್ತಾಳೆ. ಹೋದ ವಾರ ಅವಳ ಅಣ್ಣನೂ ಬಂದಿದ್ದ, ರಾತ್ರಿ ಪಾಳಿ ಮುಗಿಸಿ, ಮಲಗದೆ. ಬಾಗಿಲ ಹತ್ತಿರ ನಿಂತು ಸುಮ್ಮನೆ ನೋಡ್ತಿದ್ದ. ಇಪ್ಪತ್ತೆಂಟನೇ ನಂಬರಿಗೆ ತಂಗಿ ತಡವರಿಸಿದಳು. ಅಲ್ಲಿಂದಲೇ ಅಂದ, "ಕಾಫಿ ಬೀಜ ಅದು. ಅಣ್ಣಾ ನನಗ ಆವಾಗೇ ತೋರಿಸಿದ್ದ."