ಬ್ರಿಟನ್ನಿನ ಪ್ರಾಚೀನ ನಾಣ್ಯಗಳ ಸಂಗ್ರಹ: ಆಕರವಾಗಿ ಬೆಳ್ಳಿಯ ಪೆನ್ನಿ

ನಾಣ್ಯಸಂಗ್ರಹವೆಂದರೆ ಬಿಡುವಿನ ವೇಳೆಯ ಹವ್ಯಾಸವೆಂಬ ಭಾವನೆ ವಿದ್ವತ್ ವಲಯದಲ್ಲಿಯೂ ಇದೆ. ಬ್ರಿಟನ್ನಿನ ಮಧ್ಯಯುಗೀನ ನಾಣ್ಯಗಳ ಮಟ್ಟಿಗೆ ಇದು ಅರ್ಧಸತ್ಯ ಮಾತ್ರ. ಅಲ್ಲಿಯ ನಾಣ್ಯಶಾಸ್ತ್ರದ ಬೆಳವಣಿಗೆಯಲ್ಲಿ ಖಾಸಗಿ ಸಂಗ್ರಾಹಕರ ಪಾಲು ದೊಡ್ಡದು. ಆದರೆ ಆಕರವನ್ನು ಉಳಿಸಿದ ಆಸಕ್ತಿಯೇ ಅದನ್ನು ಅಳಿಸಲೂಬಲ್ಲದು. ಒಂಬತ್ತನೆಯ ಶತಮಾನದ ಬೆಳ್ಳಿಯ ಪೆನ್ನಿಯನ್ನು ಮುಂದಿರಿಸಿಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಮರ್ಸಿಯಾದ ಅರಸ ಆಫಾನ ಕಾಲದಲ್ಲಿ, ತೆಳುವಾದ ಅಗಲ ಬಿಲ್ಲೆಯ ಪೆನ್ನಿ ನೆಲೆಗೊಂಡಿತು. ಮುಂದೆ ಹಲವು ಶತಮಾನಗಳ ಕಾಲ ಇಂಗ್ಲೆಂಡಿನ ಪ್ರಧಾನ ನಾಣ್ಯ ಇದೇ. ಪೌಂಡಿಗೆ ೨೪೦ ಪೆನ್ನಿ ಎಂಬ ಲೆಕ್ಕವು ೧೯೭೧ರ ಫೆಬ್ರವರಿಯಲ್ಲಿ ದಶಮಾಂಶ ಪದ್ಧತಿ ಬರುವವರೆಗೂ ಉಳಿದಿತ್ತು. ಭಾಷಾಭ್ಯಾಸಿಗಳಿಗೆ ಇದರ ಹಿಂಬದಿ ಹೆಚ್ಚು ಮುಖ್ಯವಾದುದು. ಅಲ್ಲಿ ನಾಣ್ಯವನ್ನು ಹೊರಡಿಸಿದ ಟಂಕಾಧಿಕಾರಿಯ ಹೆಸರಿರುತ್ತದೆ. ಅರಸ ಎಡ್ಗರನು ಸುಮಾರು ೯೭೩ರಲ್ಲಿ ಕೈಗೊಂಡ ಸುಧಾರಣೆಯ ತರುವಾಯ ಟಂಕಸಾಲೆಯ ಊರಿನ ಹೆಸರೂ ನಿಯತವಾಗಿ ಸೇರಿತು. ಪ್ರಾಚೀನ ಇಂಗ್ಲಿಷಿನ ವ್ಯಕ್ತಿನಾಮ, ಸ್ಥಳನಾಮಗಳು ನಂತರದ ಲಿಪಿಕಾರರ ತಿದ್ದುಪಾಟಿಗೆ ಸಿಲುಕದೆ ಇಲ್ಲಿ ದೊರೆಯುತ್ತವೆ. (ಟಂಕಸಾಲೆಗೆ ನಮ್ಮಲ್ಲಿದ್ದ ‘ಕಮ್ಮಟ’ವೆಂಬ ಪದ ಈಗ ಸಾಹಿತ್ಯ ಶಿಬಿರಗಳ ಪಾಲಾಗಿದೆ.)

ಕಾವ್ಯದ ಹೇಳಿಕೆಯನ್ನು ಶಾಸನದೊಡನೆ ಹೋಲಿಸಿ ನೋಡುವ ಕ್ರಮ ನಮ್ಮ ಸಂಶೋಧಕರಿಗೆ ಪರಿಚಿತವೇ ಆಗಿದೆ. ಅಂಥದೇ ಒಂದು ಸಂದರ್ಭ ಮರ್ಸಿಯಾದ ಎರಡನೆಯ ಚಿಯೋಲ್‌ವುಲ್ಫನದು. ಈತ ೮೭೪ರಲ್ಲಿ ಪಟ್ಟಕ್ಕೆ ಬಂದವನು. ‘ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್’ ಇವನನ್ನು ವೈಕಿಂಗರು ಕೂರಿಸಿದ ಅವಿವೇಕಿ ಸೇವಕನೆಂಬಂತೆ ಚಿತ್ರಿಸುತ್ತದೆ. ಆ ವೃತ್ತಾಂತ ಸಂಕಲನಗೊಂಡುದು ವೆಸೆಕ್ಸಿನ ಆಲ್‌ಫ್ರೆಡನ ಆಳ್ವಿಕೆಯ ಕೊನೆಯ ಭಾಗದಲ್ಲಿ, ಮರ್ಸಿಯಾದ ಉಳಿದ ಭಾಗ ಅವನ ಅಧೀನಕ್ಕೆ ಬಂದ ಮೇಲೆ. ನಾಣ್ಯಗಳು ಬೇರೆಯದನ್ನೇ ಹೇಳುತ್ತವೆ. ಆಲ್‌ಫ್ರೆಡ್ ಮತ್ತು ಚಿಯೋಲ್‌ವುಲ್ಫ್ ಇಬ್ಬರ ಹೆಸರಿನಲ್ಲಿಯೂ ಒಂದೇ ವಿನ್ಯಾಸದ ಪೆನ್ನಿಗಳು ಹೊರಟಿವೆ. ಅವುಗಳಲ್ಲೊಂದರ ಮೇಲೆ, ರೋಮನ್ ಚಿನ್ನದ ನಾಣ್ಯವನ್ನು ಅನುಸರಿಸಿ, ಇಬ್ಬರು ಚಕ್ರವರ್ತಿಗಳು ಅಕ್ಕಪಕ್ಕದಲ್ಲಿ ಕುಳಿತ ಚಿತ್ರವಿದೆ. ಈ ಬಗೆಯ ನಾಣ್ಯಗಳು ಅತಿ ವಿರಳವಾಗಿದ್ದುದರಿಂದ ಅವಕ್ಕೆ ಮಹತ್ವ ಕೊಡಲು ವಿದ್ವಾಂಸರು ಹಿಂಜರಿದಿದ್ದರು. ೨೦೧೫ರಲ್ಲಿ ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ನಿನ ಬಳಿ ಸಿಕ್ಕಿದ ನಿಧಿಯೊಂದರಲ್ಲಿಯೇ ಇಂಥ ೧೩ ನಾಣ್ಯಗಳಿದ್ದವು. ಈ ನಿಧಿಯನ್ನು ೨೦೧೭ರಲ್ಲಿ ಆಶ್ಮೋಲಿಯನ್ ವಸ್ತುಸಂಗ್ರಹಾಲಯ ಪಡೆದುಕೊಂಡಿತು.

ಇಲ್ಲಿ ಆತುರ ಸಲ್ಲದು. ವೆಸೆಕ್ಸ್ ಮತ್ತು ಮರ್ಸಿಯಾ ಇದಕ್ಕೆ ಹಿಂದೆಯೂ ಸಮಾನ ವಿನ್ಯಾಸವನ್ನು ಬಳಸಿದ್ದವು. ಆದುದರಿಂದ ಚಿತ್ರವೊಂದರಿಂದಲೇ ರಾಜಕೀಯ ಮೈತ್ರಿಯ ಸ್ವರೂಪವನ್ನು ನಿರ್ಧರಿಸಲಾಗದು. ಆದರೂ ಚಿಯೋಲ್‌ವುಲ್ಫನನ್ನು ಕೈಗೊಂಬೆಯೆಂದು ತಳ್ಳಿಹಾಕುವುದು ಇನ್ನು ಕಷ್ಟ.

ಇಷ್ಟೆಲ್ಲ ಹೇಳಲು ಸಾಧ್ಯವಾದುದು ಆ ನಿಧಿ ಚದುರದೆ ಉಳಿದುದರಿಂದ. ಯಾವ ನಾಣ್ಯ ಯಾವುದರ ಜೊತೆ ಹುಗಿಯಲ್ಪಟ್ಟಿತ್ತು ಎಂಬುದೇ ಕಾಲನಿರ್ಣಯಕ್ಕೆ ಆಧಾರ. ಇಂಗ್ಲೆಂಡಿನಲ್ಲಿ ೧೯೯೬ರ ನಿಧಿ ಕಾಯ್ದೆಯ ಪ್ರಕಾರ, ೩೦೦ ವರ್ಷಕ್ಕೂ ಹಳೆಯದಾದ ಎರಡು ಅಥವಾ ಹೆಚ್ಚು ಬೆಳ್ಳಿ, ಚಿನ್ನದ ನಾಣ್ಯಗಳು ಒಟ್ಟಿಗೆ ಸಿಕ್ಕಿದರೆ ೧೪ ದಿನಗಳೊಳಗೆ ತಿಳಿಸಬೇಕು. ಬಿಡಿ ನಾಣ್ಯಗಳನ್ನು ಸ್ವಯಿಚ್ಛೆಯಿಂದ ದಾಖಲಿಸುವ ಯೋಜನೆ ೧೯೯೭ರಲ್ಲಿ ಆರಂಭವಾಯಿತು. ಕಾಯ್ದೆ ಸಂಗ್ರಹವನ್ನು ನಿಷೇಧಿಸುವುದಿಲ್ಲ. ವಸ್ತುಸಂಗ್ರಹಾಲಯ ನಿಧಿಯನ್ನು ಪಡೆದರೆ ಶೋಧಕನಿಗೂ ಭೂಮಾಲೀಕನಿಗೂ ಸಾಮಾನ್ಯವಾಗಿ ಅದರ ಬೆಲೆ ದೊರೆಯುತ್ತದೆ. ಆದುದರಿಂದ ಜವಾಬ್ದಾರಿಯುತ ಸಂಗ್ರಾಹಕನು ನಾಣ್ಯದ ಸ್ಥಿತಿಗಿಂತ ಮೊದಲು ಅದರ ಪೂರ್ವಸ್ವಾಮ್ಯವನ್ನು ವಿಚಾರಿಸುತ್ತಾನೆ. ಹಳೆಯ ಸಂಗ್ರಾಹಕರು ಬರೆದಿಟ್ಟ ಚೀಟಿಯನ್ನು ನಾಣ್ಯದೊಡನೆಯೇ ಕಾಯ್ದಿಡುತ್ತಾನೆ. ಉಜ್ಜಿ ಹೊಳಪು ತರಿಸುವ ಚಾಳಿಯಂತೂ ಅಕ್ಷರಗಳನ್ನೇ ಸವೆಸುತ್ತದೆ.

ವಾಟ್ಲಿಂಗ್ಟನ್ ನಿಧಿ ಸಿಕ್ಕಿದ ವರ್ಷವೇ ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಬಳಿ ಅದೇ ಇಬ್ಬರು ಅರಸರ ನಾಣ್ಯಗಳಿದ್ದ ಮತ್ತೊಂದು ನಿಧಿ ದೊರೆಯಿತು. ಶೋಧಕರು ಅದನ್ನು ತಿಳಿಸದೆ ಗುಟ್ಟಾಗಿ ಮಾರಿದರು. ಅದರಲ್ಲಿ ಸುಮಾರು ೩೦೦ ನಾಣ್ಯಗಳಿದ್ದವೆಂದು ಅಂದಾಜು. ೨೦೧೯ರಲ್ಲಿ ಅವರಿಗೆ ಸೆರೆವಾಸದ ಶಿಕ್ಷೆಯಾದಾಗ ಕೈಸೇರಿದ್ದುದು ಸುಮಾರು ೩೦. ಇದೇ ನಿಧಿಗೆ ಸೇರಿದವೆಂದು ನಂಬಲಾದ ೪೪ ನಾಣ್ಯಗಳನ್ನು ಮಾರಲು ಯತ್ನಿಸಿದ ಇಬ್ಬರು ೨೦೨೩ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಉಳಿದವು ಯಾವ ಸಂಗ್ರಾಹಕರ ಪೆಟ್ಟಿಗೆಗಳಲ್ಲಿ, ಯಾವ ಸುಳ್ಳು ಪೂರ್ವಚರಿತ್ರೆಯೊಡನೆ ಇದ್ದರೂ, ಒಂದು ನಿಧಿಯ ಭಾಗವಾಗಿ ಅವುಗಳನ್ನು ಓದುವ ಅವಕಾಶ ತಪ್ಪಿಹೋಗಿದೆ.